ಬದಲಿಗೆ ಕುಳಿತವಳು

ನನ್ನ ತಲೆಯ ಮೇಲೆ ಇಳಿಯುತ್ತಿದ್ದ ಕೈಗಳನ್ನು ನಾನು ಕಣ್ಣು ಮುಚ್ಚಿಕೊಂಡೇ ಗುರುತಿಸುತ್ತಿದ್ದೆ. ಬೆಳ್ಳುಳ್ಳಿಯ ವಾಸನೆಯಿದ್ದ, ಸೂಜಿ ಚುಚ್ಚಿ ಚುಚ್ಚಿ ತೋರುಬೆರಳಿನ ತುದಿ ಒರಟಾಗಿದ್ದ ಕೈ ಅಮ್ಮನದು. ಗಾಜಿನ ಬಳೆಗಳ ಸದ್ದಿನೊಂದಿಗೆ ಬಂದು, ಪ್ರಾರ್ಥನೆ ಏರಿದಂತೆಲ್ಲ ಭಾರವಾಗಿ ನನ್ನ ಕತ್ತನ್ನು ಭುಜದೊಳಕ್ಕೆ ಇಳಿಸಿಬಿಡುತ್ತಿದ್ದ ಕೈ ಪಕ್ಕದ ಮನೆಯ ಸೆಲ್ವಮ್ಮ ಆಂಟಿಯದು. ಉಳಿದ ಹೆಂಗಸರ ಕೈಗಳು ನೆತ್ತಿಯಲ್ಲಿ ಜಾಗ ಸಿಗದೆ ನನ್ನ ಬೆನ್ನನ್ನೋ ಮೊಣಕೈಯನ್ನೋ ಹುಡುಕಿಕೊಳ್ಳುತ್ತಿದ್ದವು. ಅಷ್ಟು ಕೈಗಳ ನಡುವೆ ಬೆಳೆದ ಮಗುವನ್ನು ಒಂಟಿ ಎಂದು ಕರೆಯಲು ಯಾರಿಗೂ ಮನಸ್ಸು ಬಾರದು. ನಾನು ಕರೆಯುತ್ತೇನೆ. ಆ ಕೈಗಳು ಇದ್ದದ್ದು ನನ್ನ ಮೈಮೇಲೆ. ಅವು ಬಂದದ್ದು ಬೇರೆ ಯಾರಿಗೋ.

ಭದ್ರಾವತಿಯಲ್ಲಿ ನಮ್ಮದು ಸಿಮೆಂಟ್ ಶೀಟಿನ ಮನೆ, ಗೋಡೆ ಹಂಚಿಕೊಂಡು ನಿಂತ ಸಾಲಿನಲ್ಲಿ ಕೊನೆಯದು. ಮುಂದೆ ಒಂದು ಮೆಟ್ಟಿಲು, ಒಳಗೆ ನಡುಕೋಣೆ, ಅದರ ಹಿಂದೆ ಅಡುಗೆಮನೆ, ಅದಕ್ಕೂ ಹಿಂದೆ ಬಚ್ಚಲು. ಆ ನಡುಕೋಣೆಯಲ್ಲೇ ಅಮ್ಮ ಊರವರ ರವಿಕೆ ಹೊಲಿಯುತ್ತಿದ್ದಳು, ಅಲ್ಲೇ ನಾವು ಉಣ್ಣುತ್ತಿದ್ದೆವು, ಅಲ್ಲೇ ಮಲಗುತ್ತಿದ್ದೆವು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಬರುವಷ್ಟರಲ್ಲಿ ಅಮ್ಮ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿ, ನೆಲ ಒರೆಸಿ, ಚಾಪೆ ಹಾಸಿ, ಗೋಡೆಗೆ ಒರಗಿಸಿಟ್ಟಿದ್ದ ಕಬ್ಬಿಣದ ಮಡಚುವ ಕುರ್ಚಿಯನ್ನು ನಡುವಿಗೆ ತಂದು ಬಿಡಿಸಿಟ್ಟಿರುತ್ತಿದ್ದಳು. ಆ ಕುರ್ಚಿಯನ್ನು ಅಪ್ಪ ಗುಜರಿಯಿಂದ ತಂದು ಒಂದು ಕಾಲಿಗೆ ಬೆಸುಗೆ ಹಾಕಿಸಿದ್ದರು. ಬೆಸುಗೆಯ ಗಂಟು ನನ್ನ ಹಿಮ್ಮಡಿಗೆ ತಾಕುತ್ತಿತ್ತು. ವಾರದ ಉಳಿದ ದಿನಗಳಲ್ಲಿ ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ.

ನಮ್ಮ ಸಭೆಯ, ಎಂದರೆ ಚರ್ಚಿನ, ಹೆಂಗಸರು ಶನಿವಾರ ಸೇರುತ್ತಿದ್ದುದು ತಮ್ಮ ಕಷ್ಟ ಹೇಳಿಕೊಳ್ಳಲಿಕ್ಕಲ್ಲ. ಇತರರಿಗಾಗಿ ದೇವರ ಮುಂದೆ ನಿಲ್ಲುವುದು ಅವರ ಕೆಲಸ. ಅದನ್ನು ವಿಜ್ಞಾಪನೆ ಎನ್ನುತ್ತಿದ್ದರು. ಮಂಡಿ ಹಿಡಿದ ಮುದುಕಿ, ಕೆಲಸ ಹೋದ ಗಂಡಸು, ಬಸಿರು ನಿಲ್ಲದ ಸೊಸೆ, ಕುಡಿತ ಬಿಡದ ತಮ್ಮ, ಹೀಗೆ ಹೆಸರುಗಳು ಬರುತ್ತಿದ್ದವು. ನಡೆದು ಬರಬಲ್ಲವರು ತಾವೇ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ಬರಲಾಗದವರ ಬದಲಿಗೆ ಯಾರಾದರೊಬ್ಬರು ಕೂರಬೇಕಿತ್ತು. ಖಾಲಿ ಕುರ್ಚಿಯ ಮೇಲೆ ಕೈಯಿಡುವುದು ಹೇಗೆ? ಬೇರೆ ಸಭೆಗಳಲ್ಲಿ ಈ ಪದ್ಧತಿ ನಾನು ಕಂಡಿಲ್ಲ. ನಮ್ಮಲ್ಲಿ ಅದಕ್ಕೆ ನಿಯಮಗಳೂ ಇದ್ದವು. ಕೂತವರು ರೋಗಿಯ ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಎಷ್ಟು ಹೊತ್ತಾದರೂ ಕಣ್ಣು ತೆರೆಯಬಾರದು. ಕೊನೆಯ ಆಮೆನ್ ಅನ್ನು ರೋಗಿಯ ಪರವಾಗಿ ಕೂತವರೇ ಹೇಳಬೇಕು, ಅವರು ಹೇಳುವತನಕ ಯಾರೂ ಕೈ ತೆಗೆಯುವಂತಿಲ್ಲ. ದೊಡ್ಡವರಿಗೆ ಬಾಯಿ ತುಂಬ ಪ್ರಾರ್ಥಿಸುವ ಕೆಲಸವಿತ್ತು. ಕೂರುವ ಕೆಲಸ ಮನೆಯ ಒಬ್ಬಳೇ ಮಗಳಾದ ನನ್ನ ಪಾಲಿಗೆ ಬಂತು.

"ಬಾರಮ್ಮಾ, ಊರಿನ ಕಾಯಿಲೆಯೆಲ್ಲಾ ನಿಂಗೇ," ಎಂದು ಸೆಲ್ವಮ್ಮ ಆಂಟಿ ಕರೆಯುತ್ತಿದ್ದರು. ತಮಿಳು ಮನೆಮಾತಿನ ಆಕೆಯ ಕನ್ನಡಕ್ಕೆ ಒಂದು ಎಳೆತವಿತ್ತು. "ಹೋದ್ವಾರ ಇವಳಿಗೆ ಗರ್ಭಕೋಶದ ತೊಂದ್ರೆ, ಅದ್ರ ಹಿಂದಿನ ವಾರ ಕುಡಿತದ ಚಟ. ಈ ವಾರ ಏನು ನಿಂಗೆ, ಕಣ್ಣಮ್ಮಾ?"

"ಮಂಡಿ ನೋವು ಆಂಟಿ," ಎನ್ನುತ್ತಿದ್ದೆ ನಾನು. ಎಲ್ಲರೂ ನಗುತ್ತಿದ್ದರು. ಅಮ್ಮ ಮಾತ್ರ ನಗುತ್ತಿರಲಿಲ್ಲ. "ಎಸ್ತೇರ್, ಹೆಸ್ರು ಮನಸ್ಸಲ್ಲಿಟ್ಕೊ," ಎಂದು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಅಮ್ಮನ ಹೆಸರು ಕರುಣಮ್ಮ. ಪ್ರಾರ್ಥನೆಗೆ ನಿಂತಾಗ ಅವಳ ಧ್ವನಿ ಬದಲಾಗುತ್ತಿತ್ತು. ರವಿಕೆಯ ಅಳತೆ ಕೇಳುವಾಗ ತಗ್ಗಿರುತ್ತಿದ್ದ ಅದೇ ಗಂಟಲು, ಬೇರೆಯವರ ನೋವಿನ ಹೆಸರೆತ್ತಿದ ಕೂಡಲೇ ಹಕ್ಕಿನಿಂದ ಮಾತಾಡುತ್ತಿತ್ತು. ನನಗೆ ಆ ಧ್ವನಿ ಇಷ್ಟವಾಗುತ್ತಿತ್ತು. ಹೋಮ್‌ವರ್ಕ್ ಕೇಳುವಾಗ, ಜಡೆ ಹಾಕುವಾಗ ಆ ಧ್ವನಿ ನನ್ನ ಕಡೆ ತಿರುಗಿದ್ದಿಲ್ಲ. ಹಾಗಾಗಿ ನಾನು ಒಂದು ಉಪಾಯ ಕಲಿತೆ. ಪ್ರಾರ್ಥನೆ ಮುಗಿದ ಮೇಲೂ ಆಮೆನ್ ಹೇಳದೆ ಸ್ವಲ್ಪ ತಡೆಯುತ್ತಿದ್ದೆ. ಕೈಗಳು ಹಾಗೆಯೇ ಇರುತ್ತಿದ್ದವು. ಎಲ್ಲರ ಉಸಿರೂ ನನ್ನ ಸುತ್ತ ಕಾಯುತ್ತಿತ್ತು. ಆ ಅಷ್ಟು ಹೊತ್ತು ಅವು ನನ್ನವು ಎಂದು ನಂಬಿಕೊಳ್ಳಲು ಸಾಧ್ಯವಿತ್ತು.

ಒಂದು ಶನಿವಾರ ಶಾಲೆಯಿಂದ ಬರುವಾಗಲೇ ನನಗೆ ಜ್ವರವಿತ್ತು. ಹೇಳಲು ಅಮ್ಮನನ್ನು ಹುಡುಕಿದೆ. ಅವಳು ಚಾಪೆಯ ಮೇಲೆ ಹೆಂಗಸರ ನಡುವೆ ಇದ್ದಳು. ಅಂದು ಸೋಗಾನೆ ಹಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬಾಕೆಯ ಹೆಸರು ಬಂದಿತ್ತು, ಎದೆಯ ಗೆಡ್ಡೆ. ನಾನು ಚೀಲ ಇಳಿಸಿ ಕೂತೆ. ಕಣ್ಣು ಉರಿಯುತ್ತಿತ್ತು, ಮುಚ್ಚಿಕೊಂಡರೆ ಹಿತವೆನ್ನಿಸಿತು. ಸೆಲ್ವಮ್ಮ ಆಂಟಿಯ ಕೈ ನೆತ್ತಿಗೆ ತಾಕಿತು, ತಾಕಿದ್ದೇ ಹಣೆಗೆ ಜಾರಿತು.

"ಬೆಂಕಿ! ಕರುಣಾ, ಮುಟ್ಟಿ ನೋಡು, ಬೆಂಕಿ ಇಳೀತಿದೆ! ಕರ್ತನ ಬೆಂಕಿ!"

ಒಬ್ಬೊಬ್ಬರಾಗಿ ಬಂದು ನನ್ನ ಹಣೆ, ಕೆನ್ನೆ, ಕತ್ತು ಮುಟ್ಟಿದರು. ಸ್ತೋತ್ರ ಸ್ತೋತ್ರ ಎಂದು ಕೂಗು ಎದ್ದಿತು. ನನ್ನ ಮೈಯ ಕಾವನ್ನು ಸೋಗಾನೆಯ ಆಕೆಯ ಮೇಲೆ ಇಳಿಯುತ್ತಿರುವ ಸ್ವಸ್ಥತೆ ಎಂದು ಓದಿಕೊಂಡರು. ಅಮ್ಮನೂ ಮುಟ್ಟಿದಳು, ಅವಳೂ ಅತ್ತಳು. ಆಮೆನ್ ಹೇಳಲು ನನ್ನ ನಾಲಗೆ ಒಣಗಿತ್ತು. ಅಂದು ಊಟಕ್ಕೆ ತಟ್ಟೆಯಿಟ್ಟಾಗ ನಾನು ಅನ್ನವನ್ನು ಹಾಗೇ ಬಿಟ್ಟು ಗೋಡೆಗೆ ಒರಗಿದ ಮೇಲೆಯೇ ಅಪ್ಪ ನನ್ನ ಹಣೆಗೆ ಅಂಗೈಯ ಹಿಂಬದಿ ಒತ್ತಿ ನೋಡಿದರು.

"ಏನ್ ಮಾರಾಯ್ತಿ, ನಿಮ್ ಕರ್ತನ ಬೆಂಕಿಗೆ ಒಂದು ಕ್ರೋಸಿನ್ ಕೊಡು," ಎಂದರು ಅಮ್ಮನಿಗೆ.

ಈ ಕಥೆಯನ್ನು ನಾನು ಸ್ನೇಹಿತರಿಗೆ ಹೇಳಿದಾಗಲೆಲ್ಲ ಅವರು ನಕ್ಕಿದ್ದಾರೆ. ನಾನೂ ನಗುತ್ತೇನೆ. ಆದರೆ ಆ ನಗೆಯ ಅಡಿಯಲ್ಲಿ ನಾನು ಕಲಿತ ಪಾಠವೊಂದಿದೆ: ಒಂದು ಮೈಯನ್ನು ಅಷ್ಟೂ ಜನ ಒಟ್ಟಿಗೆ ಮುಟ್ಟಿ, ಪ್ರೀತಿಯಿಂದಲೇ ಮುಟ್ಟಿ, ಅದಕ್ಕೆ ಏನಾಗಿದೆ ಎಂದು ತಿಳಿಯದೆ ಇರಬಹುದು. ಅಪ್ಪನ ವಿಷಯದಲ್ಲಿ ಆದದ್ದು ಅದೇ.

ಅಪ್ಪನ ಹೆಸರು ದೇವದಾನ. ಊರಾಚೆಯ ಒಂದು ಸಣ್ಣ ಎರಕದ ಶೆಡ್ಡಿನಲ್ಲಿ ಅವರಿಗೆ ಕೆಲಸ. ಮರಳಿನ ಅಚ್ಚುಗಳಲ್ಲಿ ಹೊಯ್ದ ಕಬ್ಬಿಣ ಆರಿದ ಮೇಲೆ ಅಚ್ಚು ಒಡೆದು, ಅಂಟಿಕೊಂಡ ಮರಳನ್ನು ಉಜ್ಜಿ ತೆಗೆಯುವುದು. ಮೂಗಿಗೆ ಕಟ್ಟಿಕೊಳ್ಳಲು ಅವರ ಬಳಿ ಇದ್ದದ್ದು ಅಮ್ಮ ಹೊಲಿದುಳಿದ ರವಿಕೆಯ ಬಟ್ಟೆಯ ತುಂಡು. ದಿನಕ್ಕೊಂದು ಬಣ್ಣ, ಹಸಿರು, ಗುಲಾಬಿ, ಒಮ್ಮೆ ಜರಿ ಅಂಚಿನದು. ಮನೆಗೆ ಬಂದು ಅದನ್ನು ಬಚ್ಚಲಲ್ಲಿ ಜಾಲಿಸಿದರೆ ಎಲ್ಲ ಬಣ್ಣದಿಂದಲೂ ಒಂದೇ ಬೂದಿ ನೀರು ಇಳಿಯುತ್ತಿತ್ತು. ಶೆಡ್ಡಿನ ಸೂಪರ್‌ವೈಸರ್ ಆಗಿದ್ದವರು ಸೆಲ್ವಮ್ಮ ಆಂಟಿಯ ಗಂಡ ರಾಜಮಾಣಿಕ್ಯಂ. ನಮ್ಮ ಸಭೆಯಲ್ಲಿ ಕಾಣಿಕೆ ಚೀಲ ಹಿಡಿಯುವ ಹಿರಿಯರೂ ಅವರೇ.

ಕೆಮ್ಮು ಶುರುವಾದಾಗ ಅಮ್ಮ ತುಳಸಿ ಕಷಾಯ ಕೊಟ್ಟಳು, ಆಮೇಲೆ ಮೆಡಿಕಲ್ ಶಾಪಿನ ಸಿರಪ್ಪು, ಆಮೇಲೆ ಶನಿವಾರಕ್ಕೆ ಹೆಸರು ಕೊಟ್ಟಳು. ಅಪ್ಪ ನಡೆದು ಬರಬಲ್ಲವರಾಗಿದ್ದರು. ನಿಯಮದಂತೆ ತಾವೇ ಕೂರಬೇಕಿತ್ತು. ಅವರು ಒಪ್ಪಲಿಲ್ಲ.

"ಅಷ್ಟೊಂದು ಹೆಂಗಸ್ರ ಮಧ್ಯ ನಾನು ಕೂರಲ್ಲ. ಎಸ್ತಿ ಕೂರ್ತಾಳೆ ಬಿಡು."

"ಮನೇಲೇ ಇದ್ಕೊಂಡು ಬದಲಿ ಕೂರಿಸ್ತಾರಾ ಯಾರಾದ್ರೂ? ದೇವರು ಏನಂದ್ಕೊಳ್ಳಲ್ಲ?"

"ದೇವ್ರಿಗೆ ನನ್ ಮುಖದ ಪರಿಚಯ ಇದೆ ಕರುಣಾ. ನಾನು ಹೊರಗಿರ್ತೀನಿ."

ಹೀಗೆ ಅಪ್ಪ ಹೊರಗಿನ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ಕೂತರು. ಒಳಗೆ ನಾನು ಅಪ್ಪನಾಗಿ ಕೂತೆ. ಆ ಶನಿವಾರಗಳು ನನಗೆ ಉಳಿದೆಲ್ಲಕ್ಕಿಂತ ಸ್ಪಷ್ಟವಾಗಿ ನೆನಪಿವೆ. ಕೈಗಳೆಲ್ಲ ನನ್ನ ಎದೆ ಬೆನ್ನಿಗೆ ಬಂದಿದ್ದವು, ಅಪ್ಪನ ಶ್ವಾಸಕೋಶ ಇರುವಲ್ಲಿಗೆ. ಅಮ್ಮ ತನ್ನ ಹಕ್ಕಿನ ಧ್ವನಿಯಲ್ಲಿ ಕೇಳುತ್ತಿದ್ದಳು. ಅವಳ ಮಾತಿನ ನಡುವೆ ಬಾಗಿಲಾಚೆಯಿಂದ ಕೆಮ್ಮು ಬರುತ್ತಿತ್ತು. ಆ ಕೆಮ್ಮು ನಿಲ್ಲಲಿ ಎಂದು ನಾನು ಕಾಯುತ್ತಿದ್ದೆ, ನಿಂತ ಕೂಡಲೇ ಅಪ್ಪನ ಪರವಾಗಿ ಆಮೆನ್ ಎನ್ನುತ್ತಿದ್ದೆ. ಆಮೇಲೆ ಹೊರಗೆ ಹೋಗಿ ಪಕ್ಕದಲ್ಲಿ ಕೂತರೆ ಅಪ್ಪ ಲೋಟದ ತಳದಲ್ಲಿ ಉಳಿಸಿದ್ದ ಟೀಯನ್ನು ನನಗೆ ಕೊಡುತ್ತಿದ್ದರು.

"ಹೆಂಗಿದೀನಿ ನಾನು? ವಾಸಿ ಆದ್ನಾ?"

"ಇನ್ನೂ ಸ್ವಲ್ಪ ಇದೆ ಅಪ್ಪ."

"ಹೂಂ. ನಂಗೂ ಹಂಗೇ ಅನ್ಸತ್ತೆ."

ನಮ್ಮ ಸಭೆಯಲ್ಲಿ ಇನ್ನೊಂದು ರೂಢಿಯಿತ್ತು. ಕೇಳಿದ್ದು ಸಿಗುವ ಮೊದಲೇ ಸಿಕ್ಕಿತೆಂದು ಸಭೆಯ ಮುಂದೆ ಸ್ತೋತ್ರ ಹೇಳುವುದು. ಅದನ್ನು ನಂಬಿಕೆಯ ಮೇಲಿನ ಮೆಟ್ಟಿಲು ಎಂದು ಭಾವಿಸುತ್ತಿದ್ದರು. ಸ್ತೋತ್ರ ಹೇಳಿಯಾದ ಮೇಲೆ ಆ ವಿಷಯವನ್ನು ಮತ್ತೆ ಕೇಳುವಂತಿಲ್ಲ. ಕೇಳಿದರೆ ಕೊಟ್ಟ ದೇವರನ್ನು ಸುಳ್ಳುಗಾರನೆಂದಂತೆ. ಒಂದು ಭಾನುವಾರ ಆರಾಧನೆಯ ಕೊನೆಯಲ್ಲಿ ಅಯ್ಯನವರು, ಎಂದರೆ ನಮ್ಮ ಸಭಾಪಾಲಕರು, ದೇವರಿಂದ ಪಡೆದದ್ದಕ್ಕೆ ಸಾಕ್ಷಿ ಹೇಳುವವರಿದ್ದಾರೆಯೇ ಎಂದು ಕೇಳಿದಾಗ ಹೆಂಗಸರ ಸಾಲಿನಲ್ಲಿ ಅಮ್ಮ ಎದ್ದು ನಿಂತಳು. ಅವಳ ಧ್ವನಿ ಆ ದಿನ ಏರಲಿಲ್ಲ. ರವಿಕೆಯ ಅಳತೆ ಹೇಳುವ ಧ್ವನಿಯಲ್ಲೇ ಹೇಳಿದಳು: ತನ್ನ ಗಂಡ ದೇವದಾನನ ಎದೆಯ ಕಾಯಿಲೆಯನ್ನು ಕರ್ತನು ವಾಸಿಮಾಡಿದ್ದಾನೆ, ಸಭೆಯ ಪ್ರಾರ್ಥನೆಗಾಗಿ ಸ್ತೋತ್ರ. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಡಸರ ಸಾಲಿನಲ್ಲಿ ರಾಜಮಾಣಿಕ್ಯಂ ಅಪ್ಪನ ಭುಜ ತಟ್ಟಿದ್ದನ್ನು ನಾನು ನೋಡಿದೆ. ಅಪ್ಪ ತಲೆ ತಗ್ಗಿಸಿ ಕುಳಿತಿದ್ದರು, ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡು. ಕೆಮ್ಮನ್ನು ಹಿಡಿದಿಟ್ಟುಕೊಂಡಿದ್ದಾರೆಂದು ಆ ಸಭೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ ಎಂದುಕೊಂಡೆ.

ಅಂದಿನಿಂದ ನಮ್ಮ ಮನೆಯಲ್ಲಿ ಕೆಮ್ಮಿಗೆ ಜಾಗವಿಲ್ಲದಂತಾಯಿತು. ಅಪ್ಪ ಊಟದ ನಡುವೆ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಬಕೆಟ್ಟಿಗೆ ನೀರು ಬಿಡುತ್ತಿದ್ದರು. ಗೋಡೆಯಾಚೆ ಸೆಲ್ವಮ್ಮ ಆಂಟಿಯ ಮನೆಗೆ ಕೇಳುತ್ತಿದ್ದುದು ನೀರಿನ ಸದ್ದು ಮಾತ್ರ. ಅಮ್ಮ ತಟ್ಟೆಯತ್ತ ನೋಡಿಕೊಂಡು ಸಾರು ಕಲಸುತ್ತಿದ್ದಳು. ಬಕೆಟ್ ತುಂಬಿ ಹರಿಯುತ್ತಿತ್ತು. ಅಪ್ಪ ಮುಖ ಒರೆಸಿಕೊಂಡು ಬಂದು, ಏನೂ ಆಗದವರಂತೆ, ಉಪ್ಪು ಕಡಿಮೆಯಾಗಿದೆ ಎನ್ನುತ್ತಿದ್ದರು. ಶನಿವಾರ ಕುರ್ಚಿ ಬಿಡಿಸುವಾಗ ನಾನು ಅಮ್ಮನನ್ನು ಕೇಳಿದೆ:

"ಅಪ್ಪನ ಹೆಸ್ರು ಇವತ್ತು ಇಲ್ವಾ?"

"ಸ್ತೋತ್ರ ಹೇಳಿ ಆಯ್ತಲ್ಲ."

"ಇನ್ನೂ ಕೆಮ್ತಾರೆ ಅಮ್ಮ."

"ಎಸ್ತೇರ್." ಅವಳು ಕುರ್ಚಿಯನ್ನು ನೆಲಕ್ಕೆ ಊರಿದ ರೀತಿಗೆ ಬೆಸುಗೆ ಹಾಕಿದ ಕಾಲು ಕಿರುಗುಟ್ಟಿತು. "ಸಾಕ್ಷಿ ಆದ್ಮೇಲೆ ಅದನ್ನ ಬಾಯಲ್ಲಿ ಆಡಬಾರದು. ಕೂತ್ಕೊ. ಇವತ್ತು ಹಳೇನಗರದ ಮಗು, ಮೂರ್ಛೆ."

ನಾನು ಮೂರ್ಛೆಯ ಮಗುವಾಗಿ ಕೂತೆ. ಅಪ್ಪ ಮೆಟ್ಟಿಲ ಮೇಲೂ ಇರಲಿಲ್ಲ. ವಾಸಿಯಾದ ಗಂಡಸಿಗೆ ಶನಿವಾರವೂ ಓವರ್‌ಟೈಮ್ ಇತ್ತು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ನಡೆದದ್ದೂ ಹಾಗೆಯೇ. ಅಪ್ಪ ಶೆಡ್ಡಿನಲ್ಲಿ ಕುಸಿದು ಬಿದ್ದರು. ಶಿವಮೊಗ್ಗದ ವಿನೋಬನಗರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎರಡೂ ಕಡೆ ಕಲ್ಲಿನಪುಡಿ ಕೂತ ಹಾಗಿದೆ ಎಂದರು.

"ಇಷ್ಟು ದಿನ ಏನ್ ಮಾಡ್ತಿದ್ರಿ? ಯಾರಿಗೂ ತೋರಿಸ್ಲಿಲ್ವಾ?"

"ವಾಸಿಯಾಗಿತ್ತು ಡಾಕ್ಟ್ರೇ," ಎಂದರು ಅಪ್ಪ.

"ಯಾರು ಹೇಳಿದ್ದು ವಾಸಿಯಾಗಿತ್ತು ಅಂತ?"

ಅಪ್ಪ ಅಂಗಿಯ ಗುಂಡಿ ಹಾಕಿಕೊಂಡರು. ಅಮ್ಮ ತನ್ನ ತೋರುಬೆರಳನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಾ ನೆಲ ನೋಡುತ್ತಿದ್ದಳು. ಆ ಪ್ರಶ್ನೆ ಆ ಕೋಣೆಯಲ್ಲಿ ನಿಂತೇ ಇದೆ. ನಾನು ದೊಡ್ಡವಳಾಗಿ ವಿಶ್ವವಿದ್ಯಾಲಯಕ್ಕೆ ಹೋದದ್ದು, ಓದಿದ್ದು, ಇಂದು ಬರೆಯುತ್ತಿರುವುದು ಎಲ್ಲವೂ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರನ್ನು ಹುಡುಕಿಕೊಂಡೇ.

ಮಳೆಗಾಲ ಬರುವ ಮೊದಲು ಅಪ್ಪ ತೀರಿಕೊಂಡರು. ಸಮಾಧಿಯ ಬಳಿ ಅಯ್ಯನವರು, ಸಹೋದರ ದೇವದಾನನಿಗೆ ಈಗ ಪರಿಪೂರ್ಣ ಸ್ವಸ್ಥತೆ ದೊರೆತಿದೆ ಎಂದರು. ಸಾಕ್ಷಿ ಉಳಿಯಿತು. ಅಯ್ಯನವರು ಕೆಟ್ಟವರಲ್ಲ, ಅಪ್ಪ ಮಲಗಿದ್ದಾಗ ಸೈಕಲ್ಲಿನಲ್ಲಿ ಬಂದು ಹಾರ್ಲಿಕ್ಸ್ ಕೊಟ್ಟು ಹೋಗಿದ್ದರು. ಆದರೆ ಒಳ್ಳೆಯತನಕ್ಕೆ ಲೆಕ್ಕ ಕೇಳಬಾರದು ಎಂಬ ನಿಯಮವನ್ನು ನಾನು ಒಪ್ಪಲಾರೆ. ಕೇಳುವುದಕ್ಕೆ ನಮ್ಮಲ್ಲಿ ಒಂದು ದಿನವಿತ್ತು, ಸ್ತೋತ್ರ ಹೇಳುವುದಕ್ಕೆ ಒಂದು ದಿನವಿತ್ತು. ಕೇಳಿದ್ದು ಸಿಗಲಿಲ್ಲ ಎಂದು ಎದ್ದು ನಿಂತು ಹೇಳುವುದಕ್ಕೆ ಯಾವ ದಿನವಿತ್ತು? ವಾರವಾರವೂ ಅಪ್ಪನ ಎದೆಯನ್ನು ದೇವರ ಮುಂದೆ ಇಟ್ಟ ಆ ಸಭೆ, ಅದೇ ಎದೆಯನ್ನು ಒಬ್ಬ ಡಾಕ್ಟರ ಮುಂದೆ ಇಡು ಎಂದು ಒಂದು ಸಲವಾದರೂ ಏಕೆ ಹೇಳಲಿಲ್ಲ? ಶೆಡ್ಡಿನ ಮಾಲೀಕನಿಗೆ ಆ ಮರಳು ಏನು ಮಾಡುತ್ತದೆಂದು ತಿಳಿದಿರಲಿಲ್ಲವೆಂದು ನಾನು ನಂಬಬೇಕೆ? ಅಪ್ಪನ ಕಾಯಿಲೆಗೆ ಒಂದು ಹೆಸರಿದೆ ಎಂದು ನನಗೆ ತಿಳಿದದ್ದು ಗ್ರಂಥಾಲಯದಲ್ಲಿ. ಕಲ್ಲು ಒಡೆಯುವವರಿಗೆ, ಎರಕದವರಿಗೆ ಬರುವ ಕಾಯಿಲೆ; ತಡೆಯಬಹುದಾದ ಕಾಯಿಲೆ. ಅಲ್ಲಿಯ ಮೇಜಿನ ಮೇಲೆ ತಲೆಯಿಟ್ಟು ಕೂತಾಗ ನನ್ನ ಬೆನ್ನ ಮೇಲೆ ಯಾವ ಕೈಯೂ ಇರಲಿಲ್ಲ.

ಸತ್ತವರ ಹೆಸರಿನಲ್ಲಿ ಪ್ರಾರ್ಥಿಸುವ ಪದ್ಧತಿ ನಮ್ಮಲ್ಲಿಲ್ಲ. ತೀರಿಕೊಂಡವರು ದೇವರ ಕೈಯಲ್ಲಿದ್ದಾರೆ, ಕೇಳುವುದು ಏನೂ ಉಳಿದಿಲ್ಲ ಎನ್ನುತ್ತಾರೆ. ನಮ್ಮ ಶಾಲೆಯ ಕ್ಯಾಥೊಲಿಕ್ ಹುಡುಗಿಯರು ತೀರಿಕೊಂಡ ಅಜ್ಜ ಅಜ್ಜಿಯರ ಹೆಸರಲ್ಲಿ ಚರ್ಚಿನಲ್ಲಿ ಪೂಜೆ ಮಾಡಿಸುತ್ತಾರೆಂದು ಕೇಳಿ ನಾನು ಅಸೂಯೆ ಪಟ್ಟದ್ದಿದೆ. ನಮ್ಮ ಮನೆಯಲ್ಲಿ ಅಪ್ಪನ ಹೆಸರು ಮೊದಲು ಸಾಕ್ಷಿಯಿಂದ ನಿಂತಿತು, ಆಮೇಲೆ ಸಾವಿನಿಂದ ನಿಂತಿತು. ಊರಿನ ಯಾರ ಹೆಸರು ಬೇಕಾದರೂ ಆ ನಡುಕೋಣೆಗೆ ಬರಬಹುದಿತ್ತು, ಅಪ್ಪನದೊಂದನ್ನು ಬಿಟ್ಟು. ನಾನು ಕುರ್ಚಿಯಲ್ಲಿ ಕೂರುವುದನ್ನು ನಿಲ್ಲಿಸಿದೆ.

ಈಗ ನಾವಿಬ್ಬರೂ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಬಾಡಿಗೆಗಿದ್ದೇವೆ. ನಾನು ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಅಮ್ಮನ ಕಣ್ಣಿಗೆ ಸೂಜಿ ಕಾಣುವುದಿಲ್ಲ, ಹೊಲಿಗೆ ನಿಂತಿದೆ, ವಿಜ್ಞಾಪನೆ ನಿಂತಿಲ್ಲ. ಹೆಂಗಸರು ಈಗ ಫೋನಿನಲ್ಲಿ ಸೇರುತ್ತಾರೆ. ಅದೇ ಕಬ್ಬಿಣದ ಕುರ್ಚಿಯ ಮೇಲೆ ಫೋನನ್ನು ಲೋಟಕ್ಕೆ ಒರಗಿಸಿಟ್ಟು ಅಮ್ಮ ಎದುರಿಗೆ ಚಾಪೆಯಲ್ಲಿ ಕೂರುತ್ತಾಳೆ. ಸೋಗಾನೆಯ ಹೊಸ ನಿಲ್ದಾಣದಲ್ಲಿ ಇಳಿಯುವ ವಿಮಾನ ಮೇಲೆ ಹಾದರೆ ಪ್ರಾರ್ಥನೆಯನ್ನು ನಡುವೆಯೇ ನಿಲ್ಲಿಸಿ, ಸದ್ದು ಹೋದ ಮೇಲೆ ಅದೇ ಪದದಿಂದ ಮುಂದುವರಿಸುತ್ತಾಳೆ. ನಾನು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಉತ್ತರಪತ್ರಿಕೆ ತಿದ್ದುತ್ತೇನೆ.

ಇದನ್ನು ಬರೆಯಲು ಶುರುಮಾಡಿದ ಮೇಲೆ ನಾನು ಭದ್ರಾವತಿಗೆ ಹೋಗಿದ್ದೆ. ಎರಕದ ಶೆಡ್ಡು ಈಗ ಟೈಲ್ಸ್ ಗೋಡೌನ್ ಆಗಿದೆ. ಮಾಲೀಕ ಯಾರೆಂದು ಅಲ್ಲಿಯವರಿಗೆ ಗೊತ್ತಿಲ್ಲ. ರಾಜಮಾಣಿಕ್ಯಂ ತೀರಿಕೊಂಡಿದ್ದಾರೆ, ಸೆಲ್ವಮ್ಮ ಆಂಟಿ ಸೇಲಂನಲ್ಲಿ ಮಗಳ ಮನೆಯಲ್ಲಿದ್ದಾರೆ, ಯಾರನ್ನೂ ಗುರುತಿಸುವುದಿಲ್ಲವಂತೆ. ಅಯ್ಯನವರಿಗೆ ವರ್ಗವಾಗಿ ಎಷ್ಟೋ ಕಾಲವಾಯಿತು. ಉತ್ತರ ಕೊಡಬೇಕಾದವರಲ್ಲಿ ನನಗೆ ಸಿಕ್ಕವಳು ಒಬ್ಬಳೇ. ಹಿಂತಿರುಗಿದ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನಾನು ಚಪ್ಪಲಿಯನ್ನೂ ಕಳಚದೆ ಕೇಳಿದೆ:

"ಅಪ್ಪ ವಾಸಿಯಾಗಿರ್ಲಿಲ್ಲ ಅಂತ ನಿಂಗೆ ಗೊತ್ತಿತ್ತು ತಾನೆ?"

ಅವಳ ಕೈ ನಿಲ್ಲಲಿಲ್ಲ. "ಗೊತ್ತಿತ್ತು."

"ಮತ್ತೆ ಯಾಕೆ ಎದ್ದು ನಿಂತೆ? ನಂಬಿಕೆಗಾ? ನಿನ್ ನಂಬಿಕೆ ಉಳಿಸ್ಕೊಳ್ಳೋಕೆ ಅವರ ಬಾಯಿ ಮುಚ್ಚಿಸಿದ್ಯಾ?"

"ಚಪ್ಲಿ ಬಿಟ್ಟು ಬಾ," ಎಂದಳು. ನಾನು ಅಲ್ಲಾಡಲಿಲ್ಲ. ಅವಳು ಸಿಪ್ಪೆಗಳನ್ನು ಒಂದೆಡೆ ಗುಡ್ಡೆ ಮಾಡಿದಳು. "ಹೇಳಿಸಿದ್ದು ನಿಮ್ಮಪ್ಪ."

"ಏನಂದೆ?"

"ಕೆಮ್ಮೋ ಆಳು ಬೇಡ ಅಂತ ಆ ಮಾಲೀಕ ಅಂದಿದ್ನಂತೆ. ಮಾಣಿಕ್ಯಣ್ಣ ಇವರನ್ನ ಬಿಡಿಸೋದ್ರಲ್ಲಿದ್ರು. ಆವಾಗ ನಿಮ್ಮಪ್ಪ ಬಂದು ಹೇಳಿದ್ರು, 'ಸಭೇಲಿ ನೀನು ಎದ್ದು ಸಾಕ್ಷಿ ಹೇಳಿಬಿಡು ಕರುಣಾ, ಸಾಕ್ಷಿ ಆದ್ಮೇಲೆ ಮಾಣಿಕ್ಯ ನನ್ನನ್ನ ಕಾಯಿಲೆಯವನು ಅನ್ನೋ ಹಂಗಿಲ್ಲ' ಅಂತ. ನಾನು ಆಗಲ್ಲ ಅಂದೆ. ದೇವರ ಹೆಸರಲ್ಲಿ ಸುಳ್ಳು ಹೇಳ್ತೀನಾ ಅಂದೆ. ಮೂರು ದಿನ ಮಾತು ಬಿಟ್ರು ನನ್ ಹತ್ರ. ನಿಂಗೆ ನೆನಪಿಲ್ಲ."

ನನಗೆ ನೆನಪಿರಲಿಲ್ಲ. ನೆನಪಿದ್ದದ್ದು ಏರದೆ ಉಳಿದ ಆ ಧ್ವನಿ, ಅಪ್ಪನ ಬಿಗಿದ ತುಟಿ, ಭುಜ ತಟ್ಟಿದ ಕೈ. ಇಷ್ಟು ವರ್ಷ ಆ ಮೂರನ್ನೂ ನಾನು ಬೇರೆಯೇ ರೀತಿ ಜೋಡಿಸಿಕೊಂಡಿದ್ದೆ. ಕೆಲಸ ಉಳಿಸಿಕೊಳ್ಳಲು ಒಬ್ಬ ಮನುಷ್ಯ ತನ್ನ ರೋಗವನ್ನು ದೇವರ ಹೆಸರಲ್ಲಿ ಬಚ್ಚಿಡಬೇಕಾಗಿ ಬಂದಿತ್ತು. ಬಚ್ಚಿಡುವಂತೆ ಮಾಡಿದ ಮಾಲೀಕ ಅಪ್ಪ ಕುಸಿದ ಮೇಲೆ ಹೊಸ ಆಳನ್ನು ನೇಮಿಸಿಕೊಂಡ, ಬಚ್ಚಿಟ್ಟ ಮನೆ ಬಚ್ಚಲಿನ ನಲ್ಲಿ ತಿರುಗಿಸಿಕೊಂಡು ಕೂತಿತು. ಹಾಗೆಂದು ನನ್ನ ಸಿಟ್ಟು ಇಳಿಯಲಿಲ್ಲ.

"ಆದ್ರೂ ನೀನು ಹೇಳಬಾರದಿತ್ತು," ಎಂದೆ. "ಹೇಳಿದ್ಮೇಲೂ ಶನಿವಾರ ಅವರ ಹೆಸರು ಎತ್ತಬೇಕಿತ್ತು."

"ಹೂಂ. ಎತ್ತಬೇಕಿತ್ತು."

"ನಂಗಾದ್ರೂ ಯಾಕೆ ಹೇಳ್ಲಿಲ್ಲ?"

ಅಮ್ಮ ಮೊದಲ ಬಾರಿಗೆ ತಲೆಯೆತ್ತಿದಳು. "ಸಾಕ್ಷಿ ಸುಳ್ಳು ಅಂತ ಯಾರ ಮುಂದೆ ಹೇಳ್ಲಿ ಎಸ್ತಿ? ಊರಿಗೆಲ್ಲ ಬದಲಿ ಕೂರೋಕೆ ನೀನಿದ್ದೆ. ನಂಗೆ ಅಂತ ಯಾರು ಕೂತಿದ್ರು?"

ಅವಳು ನನ್ನನ್ನು ಎಸ್ತಿ ಎಂದು ಕರೆದದ್ದು ಅದೇ ಮೊದಲು. ಅದು ಅಪ್ಪ ಕರೆಯುತ್ತಿದ್ದ ಹೆಸರು. ನಾನು ಚಪ್ಪಲಿ ಬಿಟ್ಟು ಹೊರಕೋಣೆಗೆ ಹೋದೆ. ಗೋಡೆಗೆ ಒರಗಿದ್ದ ಕುರ್ಚಿಯನ್ನು ನಡುವಿಗೆ ತಂದು ಬಿಡಿಸಿದೆ. ಅಂದು ಶನಿವಾರವಲ್ಲ. ಕೂತೆ. ಬೆಸುಗೆಯ ಗಂಟು ಈಗ ಹಿಮ್ಮಡಿಗೆ ತಾಕುವುದಿಲ್ಲ, ನನ್ನ ಕಾಲು ಅದನ್ನು ದಾಟಿ ಬೆಳೆದಿದೆ. ಕಣ್ಣು ಮುಚ್ಚಿಕೊಂಡೆ. ಅಡುಗೆಮನೆಯಲ್ಲಿ ನಲ್ಲಿಯ ಸದ್ದಾಯಿತು, ನಿಂತಿತು. ಅಮ್ಮ ಬಾಗಿಲಲ್ಲಿ ಬಂದು ನಿಂತದ್ದು ಉಸಿರಿನಿಂದ ತಿಳಿಯಿತು.

"ಯಾರಿಗೆ ಕೂತಿದೀಯ?"

"ಅಪ್ಪನಿಗೆ."

"ಸತ್ತೋರಿಗೆ ಕೇಳೋದು ನಮ್ಮಲ್ಲಿ ಇಲ್ಲಮ್ಮ."

"ಏನೂ ಕೇಳ್ಬೇಡ. ಆದದ್ದನ್ನ ಹೇಳು. ಸಭೆ ಮುಂದೆ ಹೇಳಿದ್ಯಲ್ಲ, ಅದನ್ನ ವಾಪಸ್ ತಗೊ."

ಮೇಲೆ ವಿಮಾನವೊಂದು ಹಾದು ಹೋಯಿತು, ಅದರ ಸದ್ದು ಪೂರ್ತಿ ಕರಗುವವರೆಗೆ ಅವಳು ಕಾದಳು. ಆಮೇಲೆ ಸೀರೆಗೆ ಕೈ ಒರೆಸಿಕೊಂಡ ಸದ್ದು. ಬೆಳ್ಳುಳ್ಳಿಯ ವಾಸನೆ. ನೆತ್ತಿಯ ಮೇಲೆ ಒಂದೇ ಒಂದು ಕೈ, ನಾನು ನೆನಪಿಟ್ಟುಕೊಂಡಿದ್ದಕ್ಕಿಂತ ಹಗುರ. ತೋರುಬೆರಳಿನ ತುದಿ ಈಗ ಮೆತ್ತಗಾಗಿತ್ತು.

"ಕರ್ತನೇ," ಎಂದಳು ಅಮ್ಮ. ಹಕ್ಕಿನ ಧ್ವನಿಯಲ್ಲ, ರವಿಕೆಯ ಅಳತೆಯ ಧ್ವನಿಯೂ ಅಲ್ಲ. "ದೇವದಾನ ವಾಸಿಯಾಗಿರ್ಲಿಲ್ಲ. ನೀನು ವಾಸಿ ಮಾಡ್ಲಿಲ್ಲ. ಮಾಡಿದೆ ಅಂತ ನಾನು ಹೇಳ್ದೆ. ಅವರು ಕೆಮ್ಮಿದ್ದು ನಂಗೆ ಪ್ರತಿ ದಿನ ಕೇಳಿಸ್ತಿತ್ತು."

ಅಷ್ಟೇ ಹೇಳಿದಳು. ಅವಳ ಮಾತು ಮುಗಿದಿತ್ತು. ಇನ್ನು ಅಪ್ಪನ ಪರವಾಗಿ ನಾನು ಆಮೆನ್ ಹೇಳಬೇಕಿತ್ತು. ಹೇಳಿದರೆ ಕೈ ಎದ್ದು ಹೋಗುತ್ತಿತ್ತು. ನಾನು ಹೇಳಲಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಾ ಆ ತುದಿಯಿಂದ ಈ ತುದಿಗೆ ಹೋದಳು. ಅಮ್ಮ ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು, ಆದರೂ ಕೈ ತೆಗೆಯದೆ ಕಾಯುತ್ತಿದ್ದಳು.